ಸದ್ದಿಲ್ಲದ ಸಲಾಮು

ಸೆಪ್ಟೆಂಬರ್ 3, ಭಾನುವಾರ

ಮರ್ಗಿಲಾನಿನ ಮಹಾಸಭೆಯೇ! ಮುಸುಕಿನ ಮದುಮಗಳೇ, ಮುಸುಕಿನೊಳಗಿನ ಮುನಿಸೇ, ಬಾಗಿಲಲ್ಲಿ ಚಪ್ಪಲಿ ಕಾಯುವ ಅಜ್ಜಿಯರೇ, ಪಲಾವಿನ ಕಡಾಯಿಯ ಸುತ್ತ ಹೊಗೆ ಕುಡಿಯುತ್ತಾ ನಿಂತ ಅಣ್ಣಂದಿರೇ! ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ಮನೆಮನೆಯ ಸೊಸೆಯರ ಸಲಾಮು ಹಾಡುತ್ತಿರುವ ಇನೋಬತ್ ಎಂಬ ನಾನು, ವಯಸ್ಸು ನಲವತ್ತಾರು, ನಾಲ್ಕು ಹೆತ್ತವಳು, ಈ ನೋಟುಬುಕ್ಕೆಂಬ ವೇದಿಕೆಯ ಮೇಲೆ ನಿಂತು ಘೋಷಿಸುವುದೇನೆಂದರೆ: ನಾನಿವತ್ತು ಡೈಪರ್ ಕೊಂಡೆ.

ಚಪ್ಪಾಳೆ ಬೇಡ. ಕೂತುಕೊಳ್ಳಿ.

ಕೊಂಡದ್ದು ಮೊಮ್ಮಗುವಿಗಲ್ಲ, ಮೊಮ್ಮಗು ಇನ್ನೂ ಇಲ್ಲ. ನನಗೇ. ನಾಲ್ಕನೆಯವನು ಹುಟ್ಟುವಾಗ ಐದು ಕಿಲೋ ತೂಗುತ್ತಿದ್ದ. ಬರುವಾಗ ಬಾಗಿಲ ಚಿಲಕ ಮುರಿದುಕೊಂಡೇ ಬಂದ. ಮೊದಮೊದಲು ಕೆಮ್ಮಿದರೆ ಒಂದು ಹನಿ. ಆಮೇಲೆ ಸೀನಿದರೆ. ಈಗೆರಡು ವರ್ಷದಿಂದ ನಕ್ಕರೆ. ಹನಿ ಅಂದದ್ದು ಮರ್ಯಾದೆಗೆ. ಊರನ್ನು ನಗಿಸುವುದೇ ಕಸುಬಾದವಳಿಗೆ ನಗೆಯೇ ವೈರಿ. ಜನ ಏನಂತಾರೆ ಗೊತ್ತೇ? “ಇನೋಬತ್ ಅಂಗಳಾನೇ ಹೊಟ್ಟೆ ಹಿಡಿದು ಉರುಳಿಸ್ತಾಳೆ, ತನ್ನ ತುಟಿ ಮಾತ್ರ ಅಲ್ಲಾಡಲ್ಲ. ಅದು ಕಣ್ರೀ ಕಲೆ!” ಕಲೆಯೇ ಹೌದು. ಮೂಟೆಯ ಬಾಯಿ ಕಟ್ಟಿದ ಹಾಗೆ ಒಳಗೊಳಗೇ ಬಿಗಿಹಿಡಿಯುವ ಕಲೆ.

ಔಷಧದಂಗಡಿಯ ತುರ್ಸುನಾಯ್ ಗಂಟಲು ಸಣ್ಣದು ಮಾಡುವುದನ್ನು ಹುಟ್ಟಿನಿಂದ ಕಲಿತಿಲ್ಲ.

“ದೊಡ್ಡವರ ಡೈಪರಾ? ಯಾರಿಗೆ?”

“ಅತ್ತೆಗೆ.”

“ನಿಮ್ಮತ್ತೆ ಸತ್ತು ಒಂಬತ್ತು ವರ್ಷ ಆಯ್ತಲ್ಲೇ ಇನೋಬತ್! ಅವರ ತಿಥಿ ಪಲಾವ್ ತಿಂದಿದ್ದೀನಿ ನಾನು. ಕ್ಯಾರೆಟ್ ಕಮ್ಮಿಯಿತ್ತು.”

“ಚಿಕ್ಕತ್ತೆಗೆ.”

“ಯಾವ ಚಿಕ್ಕತ್ತೆ?”

“ದೂರದವರು. ನಮಾಂಗಾನ್‌ನಲ್ಲಿದ್ದಾರೆ.”

“ಸೊಂಟ ಎಷ್ಟು?” ನನ್ನ ಸೊಂಟವನ್ನೇ ನೋಡುತ್ತಾ ಕೇಳಿದಳು.

“ಹೆಚ್ಚುಕಮ್ಮಿ ನನ್ನಷ್ಟೇ.”

“ಹ್ಞೂಂ. ನಮಾಂಗಾನ್‌ನಲ್ಲೂ ಊಟ ಚೆನ್ನಾಗೇ ಇದೆ ಅನ್ನು.”

ಪೊಟ್ಟಣದ ಮೇಲೆ ನೀಲಿ ಹನಿಗಳ ಗುರುತಿರುತ್ತದೆ. ಹನಿ ಹೆಚ್ಚಿದ್ದಷ್ಟೂ ಹೆಚ್ಚು ಹೀರುತ್ತದಂತೆ. ಮೂರು ಹನಿಯದಿತ್ತು, ನಾಲ್ಕರದಿತ್ತು, ಎಂಟರದಿತ್ತು. ನಾನು ಎಂಟಕ್ಕೇ ಕೈ ಹಾಕಿದೆ. ಕೊಡುವ ಬುತ್ತಿಯಲ್ಲಿ ಜಿಪುಣತನ ಮಾಡಬಾರದು, ಅದೂ ನಮಾಂಗಾನಿನ ಚಿಕ್ಕತ್ತೆಗೆ.

ಸೆಪ್ಟೆಂಬರ್ 5, ಮಂಗಳವಾರ

ಸಭಿಕರೇ, ದಪ್ಪ ನನ್ನ ಸಮಸ್ಯೆಯಲ್ಲ. ನಮ್ಮ ಹೆಂಗಸರ ಅಂಗಿ ಕರುವನ್ನು ಬೇಕಾದರೂ ಬಚ್ಚಿಡುವಷ್ಟು ಅಗಲ, ಅದರಡಿ ಪಾಯಿಜಾಮ ಬೇರೆ. ಸಮಸ್ಯೆ ಸದ್ದು.

ಸೊಸೆ ಸಲಾಮು ನಡೆಯುವುದು ಮದುವೆಯ ಮಾರನೇ ಬೆಳಿಗ್ಗೆ. ಮುಸುಕು ಹಾಕಿದ ಮದುಮಗಳು ಅಂಗಳದಲ್ಲಿ ನಿಲ್ಲುತ್ತಾಳೆ, ಪಕ್ಕದಲ್ಲಿ ನಾನು, ಕೈಯಲ್ಲಿ ಒಳಬಳೆಯ ತುಂಬ ಉಕ್ಕಿನ ಉಂಗುರ ಪೋಣಿಸಿದ ದೊಯಿರಾ ಎಂಬ ತಮಟೆ. ಗಂಡನ ಕಡೆಯ ಒಬ್ಬೊಬ್ಬರ ಮೇಲೂ ಒಂದೊಂದು ಪ್ರಾಸದ ಪದ ಕಟ್ಟಿ ಕಿಚಾಯಿಸಬೇಕು:

ಬಾಗಿಲಲ್ಲೇ ಕೂತು ಬಂದೋರ ಎಣಿಸ್ತಾಳೆ,
ಬಾಯಿಗೆ ಬಂದದ್ದ ಬೀದಿಗೆ ಉಣಿಸ್ತಾಳೆ,
ದೊಡ್ಡತ್ತೆಗೆ ಸಲಾಮು!

ಅಲ್ಲಿ ದೊಯಿರಾ ತಟ್ಟನೆ ನಿಲ್ಲಬೇಕು. ಮದುಮಗಳು ಸೊಂಟ ಬಗ್ಗಿಸುತ್ತಾಳೆ, ಜೊತೆಗೆ ನಾನೂ. ಆಗ ಅಂಗಳದಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ನಲವತ್ತು ನೆಂಟರಿದ್ದರೆ ನಲವತ್ತು ಮೌನ. ಆ ನಲವತ್ತರಲ್ಲಿ ಒಂದರಲ್ಲೂ ನಾನು ಸದ್ದು ಮಾಡಕೂಡದು.

ಅದಕ್ಕೇ ಇವತ್ತು ಪರೀಕ್ಷೆ. ನಮ್ಮ ಯಜಮಾನರು ಎರ್ಗಶ್ ತೊಟ್ಟಿಲು ಮಾಡುವ ಬಡಗಿ. ಮಗುವಿನ ಉಚ್ಚೆ ಹಾಸಿಗೆಗಿಳಿಯದೆ ಕೆಳಗಿನ ಮಡಕೆಗೆ ಹೋಗುವಂತೆ ತೊಟ್ಟಿಲಿಗೊಂದು ಮರದ ಕೊಳವೆ ಇರುತ್ತದಲ್ಲ, ಅದನ್ನು ಕೆತ್ತುತ್ತಾ ಕೂತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಎಂಟು ಹನಿಯದನ್ನು ತೊಟ್ಟು ನಡೆದೆ, ಬಗ್ಗಿದೆ, ಎದ್ದೆ.

“ರೀ, ಏನು ಕೇಳಿಸ್ತು?”

“ಯಾರೋ ಜೋಳದ ತೆನೆ ಸುಲಿದ ಹಾಗೆ.”

ಅಂಟುಪಟ್ಟಿ ಬಿಗಿ ಮಾಡಿಕೊಂಡು ಮತ್ತೆ ಬಗ್ಗಿದೆ.

“ಈಗ?”

“ಈಗ ಸುಲಿದದ್ದನ್ನ ಮೂಟೆ ಕಟ್ಟಿದ ಹಾಗೆ.” ಕೊಳವೆಯ ಹೊಟ್ಟನ್ನೊಮ್ಮೆ ಊದಿ, “ಅಲ್ವೇ, ಮೂವತ್ತು ವರ್ಷದಿಂದ ಊರ ಮಕ್ಕಳ ನೀರಿಗೆಲ್ಲ ದಾರಿ ಮಾಡಿಕೊಟ್ಟಿದ್ದೀನಿ. ನಿಂಗೂ ಒಂದು ಕೊಳವೆ ಕೆತ್ತಿಕೊಡ್ಲಾ? ವಾಲ್‌ನಟ್ ಮರದ್ದು, ನುಣುಪಾಗಿರುತ್ತೆ.”

ಚಪ್ಪಲಿ ಎಸೆದೆ. ಗುರಿ ತಪ್ಪಲಿಲ್ಲ. ನಗು ಬಂತು, ನುಂಗಿದೆ.

ಸೆಪ್ಟೆಂಬರ್ 9, ಶನಿವಾರ

ಶಹ್ಲೋ ಬಂದಿದ್ದಳು, ಅಭ್ಯಾಸಕ್ಕೆ. ನನ್ನ ಶಿಷ್ಯೆ. ಇಪ್ಪತ್ತೆಂಟು ವರ್ಷ, ಏಳು ವರ್ಷದಿಂದ ನನ್ನ ಹಿಂದೆ ಎರಡನೇ ದೊಯಿರಾ ಹಿಡಿದು ಕೂರುತ್ತಾಳೆ. ಅವಳಿಗಿನ್ನೂ ನಾನು ಬಿಳಿ ಫಾತಿಹಾ ಕೊಟ್ಟಿಲ್ಲ. ಅಂದರೆ ನಾಲ್ಕು ಜನರೆದುರು ಎರಡು ಕೈಯೆತ್ತಿ “ಹೋಗು ಮಗಳೇ, ಇನ್ನು ನೀನೇ ಹಾಡು” ಎಂದು ಹರಸಿಲ್ಲ. ಗುರು ಹರಸದವಳನ್ನು ನಮ್ಮ ಕಡೆ ಯಾರೂ ಒಂಟಿಯಾಗಿ ಹಾಡಲು ಕರೆಯುವುದಿಲ್ಲ. ಮದುವೆಗೆ ಅಪಶಕುನ ಅಂತಾರೆ. ಅವಳು ಕೇಳಿಲ್ಲ, ನಾನು ಹೇಳಿಲ್ಲ. ಇನ್ನೂ ಮಾಗಬೇಕು ಅವಳು. ಕಾಯಿ ಕಿತ್ತರೆ ಮರಕ್ಕೂ ನೋವು.

ಅವಳು ನಗುವುದನ್ನು ನೀವು ನೋಡಬೇಕು, ಸಭಿಕರೇ. ತಲೆ ಹಿಂದಕ್ಕೆಸೆದು, ಕೊನೇ ಹಲ್ಲು ಕಾಣುವ ಹಾಗೆ, ಗಂಟಲು ಹರಿದುಕೊಂಡು. ಮೊಣಕಾಲು ಅಗಲಿಸಿಕೊಂಡೇ ನಗುತ್ತಾಳೆ! ಕಾಲು ಜೋಡಿಸುವ ಯೋಚನೆಯೇ ಇಲ್ಲ. ಎರಡು ಮಕ್ಕಳ ತಾಯಿ, ಒಳಗಿನ ಚಿಲಕ ಹೊಸ ಬಾಗಿಲಿನದಷ್ಟು ಗಟ್ಟಿ. ಇವತ್ತು ಎರ್ಗಶ್ ಏನೋ ಅಂದರು, ಇವಳು ನಕ್ಕಳು, ನಕ್ಕೇ ನಕ್ಕಳು. ನಾನು ಎದ್ದು ಹೋಗಿ ಟೀ ಕಾಸಿದೆ.

ಕಂಠ ಇದೆ, ಒಪ್ಪುತ್ತೇನೆ. ಪ್ರಾಸವೂ ಇದೆ. ಹಲ್ಲೂ ಇದೆ. ಎಲ್ಲ ಇದ್ದವಳಿಗೆ ಅವಸರವೇಕೆ?

ಸೆಪ್ಟೆಂಬರ್ 17, ಭಾನುವಾರ

ರೇಷ್ಮೆ ಕಾರ್ಖಾನೆ ಮೇಸ್ತ್ರಿ ಮನೆಯ ಸಲಾಮು. ಎಂಟು ಹನಿಯದನ್ನೇ ತೊಟ್ಟೆ, ಮೇಲೊಂದು ಬಿಗಿ ಚಡ್ಡಿ, ಅದರ ಮೇಲೆ ಪಾಯಿಜಾಮ, ಅದರ ಮೇಲೆ ಅಂಗಿ, ಅದರ ಮೇಲೆ ಧೈರ್ಯ. ಮೊದಲ ಮೂರು ಸಲಾಮು ಚೆನ್ನಾಗಿಯೇ ಹೋಯಿತು. ನಾಲ್ಕನೆಯದು ಸೋದರಮಾವನಿಗೆ. ದೊಯಿರಾ ನಿಲ್ಲಿಸಿದೆ. ಬಗ್ಗಿದೆ.

ಚರಪರ.

ಮೂಲೆಯಲ್ಲಿ ಕೂತಿದ್ದ ಹಲ್ಲಿಲ್ಲದ ಅಜ್ಜಿ ಕಿವಿಯ ಮೇಲಿನ ಸ್ಕಾರ್ಫ್ ಸರಿಸಿ, “ಯಾರೇ ಅದು ಮಿಠಾಯಿ ಪೊಟ್ಟಣ ಬಿಚ್ತಿರೋದು? ಒಬ್ಬೊಬ್ಬರೇ ತಿನ್ಬೇಡಿ, ನಂಗೂ ಒಂದು ಕೊಡಿ!” ಅಂದಳು.

ಅಂಗಳವೆಲ್ಲ ನಕ್ಕಿತು. ನಾನು ನಗಲಿಲ್ಲ. ನನ್ನ ಕಿವಿಯಿಂದ ಹೊಗೆ ಬರುತ್ತಿತ್ತು.

ಐದನೇ ಸಲಾಮಿಗೆ ನಾನು ದೊಯಿರಾ ನಿಲ್ಲಿಸಿದ ತಕ್ಷಣ ಹಿಂದಿನಿಂದ ಶಹ್ಲೋ ತನ್ನದರ ಉಂಗುರಗಳನ್ನು ಜಣಜಣ ಅಲ್ಲಾಡಿಸಿದಳು. ಆರನೆಯದಕ್ಕೂ. ಏಳಕ್ಕೂ. ಕೊನೆಯವರೆಗೂ ನನಗೆ ಒಂದೇ ಒಂದು ಮೌನವನ್ನೂ ಬಿಟ್ಟುಕೊಡಲಿಲ್ಲ. ಏಳು ವರ್ಷ ಕಲಿಸಿದ್ದೇನೆ: ಬಗ್ಗುವಾಗ ದೊಯಿರಾ ಸತ್ತಿರಬೇಕು ಅಂತ. ಎಲ್ಲರ ಕಣ್ಣೂ ಅವಳ ಕೈಯ ಮೇಲೆ! “ಇದೇನು ಹೊಸ ಥರ, ಎಷ್ಟು ಚೆನ್ನಾಗಿದೆ!” ಎಂದರಂತೆ ಮೇಸ್ತ್ರಿಯ ಹೆಂಡತಿ.

ದಾರಿಯಲ್ಲಿ ಕೇಳಿದೆ: “ಯಾಕೆ ಅಲ್ಲಾಡಿಸ್ತಿದ್ದೆ?”

“ಕೈ ನಡುಗ್ತಿತ್ತು, ಉಸ್ತಾದ್.”

ಸುಳ್ಳಿ. ಅವಳ ಕೈ ಹೆರಿಗೆಯ ದಿನವೂ ನಡುಗಿರಲಿಕ್ಕಿಲ್ಲ. ಗುರುವಿನ ಮೌನ ಕದ್ದು ತನ್ನ ಉಂಗುರ ಮೆರೆಸಿದಳು.

ಸೆಪ್ಟೆಂಬರ್ 18, ಸೋಮವಾರ

ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮ: ಹಿಡಿ, ಬಿಡು. ಹಿಡಿ, ಬಿಡು. ನಾನು ಅದನ್ನು ದೊಯಿರಾ ತಾಳಕ್ಕೆ ಮಾಡುತ್ತೇನೆ. ಬಿಡುವುದು ಸುಲಭ.

ಸೆಪ್ಟೆಂಬರ್ 20, ಬುಧವಾರ

ಕೋಕಂದಿನಿಂದ ಬಶೋರತ್ ಎಂಬ ಹೆಂಗಸು ಫೋನ್ ಮಾಡಿದ್ದಳು. ನವೆಂಬರಿನಲ್ಲಿ ಮಗನ ಮದುವೆಯಂತೆ. ಮೇಸ್ತ್ರಿ ಮನೆಗೆ ಬಂದಿದ್ದಳಂತೆ. “ನಿಮ್ಮ ಹಿಂದೆ ಉಂಗುರ ಅಲ್ಲಾಡಿಸ್ತಿದ್ದಳಲ್ಲ ಅಕ್ಕಾ, ಆ ಹುಡುಗೀನ ಕಳಿಸಿ” ಅಂದಳು. ನನ್ನನ್ನಲ್ಲ. ಆ ಹುಡುಗಿಯನ್ನು.

ಕೋಕಂದಿನ ಅಂಗಳಗಳು ದೊಡ್ಡವು. ಅಲ್ಲೊಂದು ಸಲ ಹಾಡಿದರೆ ಕಣಿವೆಯ ತುಂಬ ಹೆಸರು. ನನ್ನನ್ನು ಕೋಕಂದಿಗೆ ಕರೆದದ್ದು ಹಾಡಲು ಶುರು ಮಾಡಿ ಹನ್ನೊಂದು ವರ್ಷವಾದ ಮೇಲೆ.

ಗುರುವಾದವಳು ಹೇಳಬೇಕಾದ್ದನ್ನು ಹೇಳಿ ಫೋನ್ ಇಟ್ಟೆ, ಸಭಿಕರೇ. ನನಗೆ ಯಾರ ಮೇಲೂ ಅಸೂಯೆಯಿಲ್ಲ. ಕುಂಬಳಕಾಯಿ ಸಮೋಸ ಬೇಯಿಸಿದೆ. ತಳ ಹತ್ತಿತು.

ಸೆಪ್ಟೆಂಬರ್ 26, ಮಂಗಳವಾರ

ನಿನ್ನೆ ತುರ್ಸುನಾಯ್ ಅಂಗಡಿಯಲ್ಲಿ ನಾಲ್ಕು ಹನಿಯ, ಚಡ್ಡಿಯ ಹಾಗೆ ಎಳೆದುಕೊಳ್ಳುವುದನ್ನು ತಂದೆ. (“ಚಿಕ್ಕತ್ತೆ ಹೇಗಿದ್ದಾರೆ?” “ಓಡಾಡ್ತಿದ್ದಾರೆ.” “ಓಡಾಡ್ತಾ ಇರೋದನ್ನ ನೋಡ್ತಾ ಇದ್ದೀನಿ.”) ಇದು ಮೊದಲಿನದಕ್ಕಿಂತ ವಾಸಿ. ಎರ್ಗಶ್ ತೀರ್ಪು: “ಗೋಡೆಯಾಚೆ ಇಲಿ. ಒಂದೇ ಇಲಿ.” ಒಂದಾದರೂ ಇಲಿ ಇಲಿಯೇ.

ಇವತ್ತು ಮಧ್ಯಾಹ್ನ ಶಹ್ಲೋ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಅಂಥ ಗಂಟಿನಲ್ಲಿ ರೊಟ್ಟಿ ತರುತ್ತಾರೆ, ರೊಟ್ಟಿಯೇ ಅಂದುಕೊಂಡು ಬಿಚ್ಚಿದೆ. ಡೈಪರ್.

ಗಂಟನ್ನು ಮತ್ತೆ ಕಟ್ಟಿಬಿಟ್ಟೆ. ಅವಳು ನೆಲ ನೋಡುತ್ತಾ ಒಂದೇ ಉಸಿರಿಗೆ ಹೇಳಿದಳು:

“ಉಸ್ತಾದ್, ಬೈಬೇಡಿ. ನಮ್ಮತ್ತೇನ ಮೂರು ವರ್ಷ ನಾನೇ ನೋಡ್ಕೊಂಡೆ. ಎಲ್ಲ ಥರದ್ದೂ ಗೊತ್ತು ನಂಗೆ. ಹನಿ ಲೆಕ್ಕ ನೋಡ್ಬಾರ್ದು, ಹೊರಗಿನ ಹೊದಿಕೆ ನೋಡ್ಬೇಕು. ಪ್ಲಾಸ್ಟಿಕ್ ಇದ್ರೆ ಸದ್ದು ಮಾಡುತ್ತೆ. ಇದು ಬಟ್ಟೆ ಥರ, ಮುಟ್ಟಿ ನೋಡಿ. ಒಂದು ಅಳತೆ ಚಿಕ್ಕದೇ ತಂದಿದ್ದೀನಿ. ದೊಡ್ಡದಾದ್ರೆ ತೊಡೆ ಹತ್ರ ಸಡಿಲಾಗಿ ಉಜ್ಜುತ್ತೆ, ಸೋರೋದೂ ಅಲ್ಲೇ. ಸಲಾಮಿಗೆ ಮುಂಚೆ ಹೊಸದು ಹಾಕ್ಕೊಳ್ಳಿ, ಅರ್ಧ ದಾರೀಲಿ ಬದಲಾಯಿಸೋ ಹಾಗೆ ಇನ್ನೊಂದು ದೊಯಿರಾ ಚೀಲದಲ್ಲಿಟ್ಟಿರಿ. ಚೀಲ ನಾನು ಹಿಡ್ಕೋತೀನಿ, ಯಾರೂ ಕೇಳಲ್ಲ.”

“ಯಾವಾಗಿಂದ ಗೊತ್ತು ನಿಂಗೆ?”

“ನೀವು ನಗೋದು ಬಿಟ್ಟಾಗಿಂದ.”

“ಯಾರಿಗಾದ್ರೂ ಹೇಳಿದ್ದೀಯಾ?”

“ನಂಗೇ ಹೇಳ್ಕೊಂಡಿಲ್ಲ ಉಸ್ತಾದ್.”

ಅವಳು ಹೋದ ಮೇಲೆ ತೊಟ್ಟು ಪಕ್ಕದ ಕೋಣೆಯಲ್ಲಿ ಬಗ್ಗಿದೆ, ಎದ್ದೆ, ಮಂಡಿಯೂರಿದೆ, ಕುಣಿದೂ ನೋಡಿದೆ.

“ರೀ, ಏನು ಕೇಳಿಸ್ತು?”

“ಶುರು ಮಾಡಿದ್ಯಾ?” ಎಂದರು ಎರ್ಗಶ್.

ಎಂಥ ಉರಿ ಹತ್ತಿತು ಗೊತ್ತೇ ಹೊಟ್ಟೆಯಲ್ಲಿ! ಕಂಠ ಅವಳದು ಒಳ್ಳೆಯದು, ಹೋಗಲಿ. ನಗು ಒಳ್ಳೆಯದು, ಹಾಳಾಗಲಿ. ನನ್ನ ಮೈಯ ಅಳತೆಯನ್ನೂ ನನಗಿಂತ ಚೆನ್ನಾಗಿ ಆರಿಸಬೇಕೇ ಇವಳು? ಮೂರು ವಾರ ಅಂಗಡಿ ಅಲೆದವಳು ನಾನು, ತುರ್ಸುನಾಯ್ ಬಾಯಿಗೆ ಬಿದ್ದವಳು ನಾನು. ಇವಳು ಕಣ್ಣಳತೆಯಲ್ಲೇ ಗೆದ್ದಳು.

ಪೊಟ್ಟಣದಲ್ಲಿ ಹದಿನಾಲ್ಕಿದೆ. ಎಸೆಯಲಿಲ್ಲ. ಎಸೆಯುವುದು ಅಪವ್ಯಯ.

ಅಕ್ಟೋಬರ್ 1, ಭಾನುವಾರ

ಐದು ದಿನದಿಂದ ಅದನ್ನೇ ತೊಡುತ್ತಿದ್ದೇನೆ. ಮಾರ್ಕೆಟ್ಟಿಗೆ ಹೋದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ, ಪಕ್ಕದ ಹೆಂಗಸಿನ ಜೊತೆ ಕ್ಯಾರೆಟ್ಟಿನ ಬೆಲೆಗಾಗಿ ಜಗಳವಾಡಿದೆ. ಒಂದು ಸೀನೂ ಸೀನಿದೆ, ಧಾರಾಳವಾಗಿ. ಏನೂ ಆಗಲಿಲ್ಲ, ಆದದ್ದು ಯಾರಿಗೂ ಗೊತ್ತಾಗಲಿಲ್ಲ. ಶಹ್ಲೋ ಅಭ್ಯಾಸಕ್ಕೆ ಬಂದಾಗ ಅವಳ ತಟ್ಟೆಗೆ ಎರಡು ಸಮೋಸ ಹೆಚ್ಚು ಬಿತ್ತು. ಕೈತಪ್ಪಿ ಬಿದ್ದದ್ದು.

“ಕೋಕಂದಿನವರು ಬರ್ತೀವಿ ಅಂದಿದ್ರಂತೆ, ಆಮೇಲೆ ಸುದ್ದಿಯೇ ಇಲ್ಲ” ಅಂದಳು. “ಫಾತಿಹಾ ಇಲ್ಲ ಅಂತ ಇರ್ಬೇಕು, ಅಲ್ವಾ ಉಸ್ತಾದ್?”

“ಇರ್ಬೇಕು” ಅಂದೆ.

ಮುಂದಿನ ಭಾನುವಾರ ನಮ್ಮ ಹೋಸಿಯತ್ ಅಕ್ಕನ ಮಗನ ಮದುವೆಯ ಸೊಸೆ ಸಲಾಮು. ಅವನು ಹುಟ್ಟಿದ ದಿನವೇ ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಇವನ ಹೆಂಡತಿಯ ಸಲಾಮು ನೀನೇ ಹಾಡಬೇಕು ಅಂತ.

ಅಕ್ಟೋಬರ್ 8, ಭಾನುವಾರ

ಸಭಿಕರೇ. ಬರೆಯಲು ಕೂತು ಎರಡು ಸಲ ಎದ್ದೆ.

ಬೆಳಿಗ್ಗೆ ಅಕ್ಕನ ಅಂಗಳದಲ್ಲಿ ಸಾಲಾಗಿ ರೇಷ್ಮೆ ಹಾಸುಗಳು. ಮದುಮಗಳು ಕೋಕಂದಿನ ಹುಡುಗಿ. ಅವಳ ಜೊತೆ ಬಂದ ಹೆಂಗಸರಲ್ಲಿ ಒಬ್ಬಳು ನನ್ನ ಕೈ ಕುಲುಕಿ, “ನಾನೇ ಅಕ್ಕಾ, ಬಶೋರತ್. ಫೋನಿನಲ್ಲಿ ಮಾತಾಡಿದ್ವಲ್ಲ” ಅಂದಳು. ಮದುಮಗಳ ಸೋದರತ್ತೆಯಂತೆ. ನನಗೆ ಗೊತ್ತಿರಲಿಲ್ಲ.

ಅವಳು ಹೋಸಿಯತ್ ಅಕ್ಕನ ಕಿವಿಯಲ್ಲಿ ಏನೋ ಅಂದಳು. ಅಕ್ಕ ಶಹ್ಲೋಳ ಕಡೆ ನೋಡಿದಳು. ಆಮೇಲೆ ಸದ್ದಿಲ್ಲದೆ ಬಂದು, ಶಹ್ಲೋ ಕೂರಬೇಕಿದ್ದ ಜಾಗದ ರೇಷ್ಮೆ ಹಾಸನ್ನು ಮಡಿಸಿ ತೆಗೆದಳು. ಅಡುಗೆಮನೆಯಿಂದ ಊಟಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ತಂದು ಹಾಸಿ, ಅದರ ಮೇಲೆ ಒಂದು ಹಳೇ ತೇಪೆ ಹಾಸು ಎಳೆದಳು. “ಇಲ್ಲಿ ಕೂತ್ಕೋ ಮಗಳೇ, ಇಲ್ಲಿ ಬಿಸಿಲು ಬರಲ್ಲ” ಅಂದಳು. ಅಲ್ಲಿ ಬಿಸಿಲು ಬರುತ್ತಿತ್ತು.

ಶಹ್ಲೋ ಹಾಳೆಯನ್ನು ನೋಡಿದಳು. ನನ್ನನ್ನು ನೋಡಿದಳು. ಕೂತಳು. ಅದು ಚರಪರ ಅಂದಿತು. ಕೋಕಂದಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಅಲ್ಲಾಡಿದಾಗಲೆಲ್ಲ ಚರಪರ. ಅವಳು ನಗುತ್ತಲೇ ಇದ್ದಳು.

ನಾನು ಹಾಡಿದೆ. ಮೂವತ್ತೆಂಟು ಸಲಾಮು, ಮೂವತ್ತೆಂಟು ಮೌನ, ಒಂದರಲ್ಲೂ ನನ್ನಿಂದ ಇರುವೆಯಷ್ಟೂ ಸದ್ದಿಲ್ಲ. ಮೂವತ್ತೊಂಬತ್ತನೆಯ ಸಲಾಮು ನನಗೇ. ಹುಡುಗನ ಚಿಕ್ಕಮ್ಮನಲ್ಲವೇ ನಾನು. ತನ್ನ ಸಲಾಮು ತಾನೇ ಹಾಡಿಕೊಳ್ಳುವ ಹಾಗಿಲ್ಲ. ಶಹ್ಲೋ ಎದ್ದು ನಿಂತು ದೊಯಿರಾ ಎತ್ತಿದಳು:

ನಕ್ಕರೆ ತೆರಿಗೆ ಅಂತ ತುಟಿಗೆ ಜಡಿದಳು ಬೀಗ,
ಕೀಲಿಕೈ ನುಂಗಿದ ಕೋಳಿ ಮೊಟ್ಟೆ ಇಡ್ತಿಲ್ಲ ಈಗ,
ಚಿಕ್ಕಮ್ಮನಿಗೆ ಸಲಾಮು!

ಉಂಗುರಗಳು ಸತ್ತವು. ಮದುಮಗಳು ಬಗ್ಗಿದಳು. ಆ ಮೌನದಲ್ಲಿ ನನಗೆ ಆ ಕೋಳಿ ಕಣ್ಣಿಗೆ ಕಟ್ಟಿತು, ಮೊಟ್ಟೆಯಿಡಲು ತಿಣುಕುತ್ತಾ ಕೂತಿರುವ ಕೋಳಿ. ನಾನು ನಕ್ಕೆ. ಬಾಯ್ತುಂಬ, ಹೊಟ್ಟೆತುಂಬ, ಕಣ್ಣಲ್ಲಿ ನೀರು ಬರುವಷ್ಟು. ನೀರು ಬೇರೆ ಕಡೆಯೂ ಬಂತು. ಬರಲಿ ಅಂದುಕೊಂಡೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಎರಡು ವರ್ಷದ ಬಾಕಿ ನಗುವನ್ನೆಲ್ಲ ಅಲ್ಲೇ ನಕ್ಕು ಮುಗಿಸಿದೆ. “ಇನೋಬತ್ ನಕ್ಕಳು ಕಣ್ರೇ!” ಅಂತ ಮುದುಕಿಯರೆಲ್ಲ ಕಿರುಚಿದರು.

ಟೀ ಹೊತ್ತಿಗೆ ಅಕ್ಕ ಎಲ್ಲರೆದುರು ಕೇಳಿದಳು: “ನಿನ್ನನ್ನೇ ನಗಿಸಿದಳಲ್ಲೇ ಈ ಹುಡುಗಿ. ಫಾತಿಹಾ ಯಾವಾಗ?”

“ಇನ್ನೂ ಮಾಗಬೇಕು” ಅಂದೆ. ಬಾಯಿ ರೂಢಿಗೆ ಬಿದ್ದಿತ್ತು.

ಬಟ್ಟೆ ಬದಲಾಯಿಸಲು ಒಳಗೆ ಹೋದೆ. ಶಹ್ಲೋ ಚೀಲ ಹಿಡಿದು ಹಿಂದೆಯೇ ಬಂದಳು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮೆಲ್ಲಗೆ ಹೇಳಿದಳು:

“ಉಸ್ತಾದ್, ಇವರಿಗೆ ಹೇಗೋ ವಾಸನೆ ಬಡಿದಿದೆ. ಮೇಸ್ತ್ರಿ ಮನೇಲಿ ಸದ್ದು ಕೇಳಿಸಿತ್ತಲ್ಲ, ಅದಕ್ಕೇ ಇರ್ಬೇಕು. ಆದ್ರೆ ಅದು ನಂದು ಅಂದ್ಕೊಂಡಿದ್ದಾರೆ. ಇರ್ಲಿ ಬಿಡಿ. ನಂದು ಅಂತಾನೇ ಇರ್ಲಿ. ನಂಗೇನು, ಚಿಕ್ಕವಳು, ನಾಳೆ ಮರೆತುಹೋಗುತ್ತೆ. ನೀವು ಹೇಳೋಕೆ ಹೋಗ್ಬೇಡಿ.”

ಅವಳ ಅಂಗಿಯ ಹಿಂಭಾಗಕ್ಕೆ ಆ ಹಳೇ ಹಾಸಿನ ಹತ್ತಿಯೆಳೆ ಅಂಟಿಕೊಂಡಿತ್ತು. ನಾನು ಕೊಡವಿದೆ. ಅಷ್ಟೇ ಮಾಡಿದೆ.

ಅಕ್ಟೋಬರ್ 9, ಸೋಮವಾರ

ಇಲ್ಲಿ ಯಾವ ಸಭೆಯೂ ಇಲ್ಲ. ನಾನೊಬ್ಬಳೇ ಕೂತಿದ್ದೇನೆ.

ಶಹ್ಲೋ ಮಾಗಿ ಎರಡು ವರ್ಷವಾಯಿತು. ಆಗೊಮ್ಮೆ ಹೊಟ್ಟೆನೋವು ಅಂತ ನಾನು ಮಲಗಿದ್ದ ದಿನ ನನ್ನ ಬದಲಿಗೆ ಪಕ್ಕದ ಮನೆಯಲ್ಲಿ ಹಾಡಿದಳು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡೆ. ನಾನು ಯಾವತ್ತೂ ಅಷ್ಟು ಚೆನ್ನಾಗಿ ಹಾಡಿಲ್ಲ.

ಬಶೋರತ್‌ಗೆ ನಾನು ಫೋನಿನಲ್ಲಿ ಮೊದಲು ಹೇಳಿದ್ದು, ಹುಡುಗಿಗೆ ಫಾತಿಹಾ ಆಗಿಲ್ಲ ಅಂತ. “ಪರವಾಗಿಲ್ಲ ಅಕ್ಕಾ, ನಾವು ಅದನ್ನೆಲ್ಲ ನೋಡಲ್ಲ, ಅವಳೇ ಬೇಕು” ಅಂದಳು. ಅವಳೇ ಬೇಕು ಅಂದಳು. ಆಗ ನಾನು ದನಿ ತಗ್ಗಿಸಿ, ಕರುಣೆಯಿಂದ ಹೇಳುವವಳ ಹಾಗೆ ಹೇಳಿದೆ: “ನೋಡಮ್ಮ, ಯಾರಿಗೂ ಹೇಳ್ಬೇಡ. ಆ ಹುಡುಗಿಗೆ ಉಚ್ಚೆ ನಿಲ್ಲಲ್ಲ. ಮೇಸ್ತ್ರಿ ಮನೇಲಿ ಕೇಳಿಸಿತಲ್ಲ ಸದ್ದು, ಅದು ಅವಳದೇ.”